ದೊಡ್ಡವರು ಬರೆಯದ ಕಾರ್ಡು

ಐವತ್ತೊಂದನೆಯ ಕಾರ್ಡಿನಲ್ಲೂ 'ಬಯಸು' ಎಂದೇ ಇತ್ತು.

ಇನ್‌ಸ್ಪೆಕ್ಟರಮ್ಮ ಅದನ್ನು ಮಗುಚಿ ನೋಡಿ, ಉಳಿದವುಗಳ ಮೇಲಿಟ್ಟು, ಡ್ರಾಯರನ್ನು ಮೊಣಕೈಯಿಂದ ಒಳಕ್ಕೆ ತಳ್ಳಿದರು. ಮೂರು ದಿನದಿಂದ ಈ ಮರದ ಸ್ಟೂಲಿನ ಮೇಲೆ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಜನ ಅವರನ್ನು ಇನ್‌ಸ್ಪೆಕ್ಟರಮ್ಮ ಎನ್ನುವುದನ್ನು ಬಿಟ್ಟಿರಲಿಲ್ಲ. ಸೊಂಟ ಮಾತ್ರ ನಿವೃತ್ತಿಯನ್ನು ಮೊದಲ ದಿನವೇ ಒಪ್ಪಿಕೊಂಡಿತ್ತು.

ಐವತ್ತೊಂದೂ ದೊಡ್ಡವರ ಕೈಬರಹದವು. ಐವತ್ತೆರಡನೆಯದು ಪೊಲೀಸರ ಕಡತದಲ್ಲಿತ್ತು, ಅದರ ನಕಲು ಇನ್‌ಸ್ಪೆಕ್ಟರಮ್ಮನ ಕೈಚೀಲದಲ್ಲಿ. ಆ ಒಂದು ಕಾರ್ಡಿನ ದೆಸೆಯಿಂದ ಅವರ ಅಕ್ಕನ ಮಗಳು ಪುಟ್ಟಿ ಒಂಬತ್ತು ದಿನದಿಂದ ಕಂಬಿ ಎಣಿಸುತ್ತಿದ್ದಳು.

ದೊಡ್ಡವರೆಂದರೆ ಈ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಪ್ರಧಾನ ಸಂಪಾದಕರು. ಎರಡು ವಾರದ ಹಿಂದೆ ಶುಕ್ರವಾರ ನಾಲ್ಕು ಗಂಟೆಯ ಚಹಾ ಕುಡಿದು ಮೇಜಿಗೆ ತಲೆಯೊರಗಿಸಿದವರು ಮತ್ತೆ ಎತ್ತಲಿಲ್ಲ. ಹೃದಯದ ಬಡಿತ ಇಳಿಸುವ ಮಾತ್ರೆಯನ್ನು ಯಾರೋ ಚಹಾದಲ್ಲಿ ಅರೆದು ಹಾಕಿದ್ದರು. ಅರವತ್ತು ದಾಟಿದವರಲ್ಲಿ ಅರ್ಧ ಜನ ನುಂಗುವ ಮಾತ್ರೆ ಅದು. ದೊಡ್ಡವರಿಗೆ ಅದರ ಅಗತ್ಯವೇ ಇರಲಿಲ್ಲ, ಎಲ್ಲಿಂದ ಬಂತೆಂಬುದೂ ಪತ್ತೆಯಾಗಲಿಲ್ಲ. ಚಹಾ ಮಾಡಿದವಳು ಸಹಾಯಕ ಸಂಪಾದಕಿಯಾಗಿದ್ದ ಪುಟ್ಟಿ. ಆದರೆ ಕಚೇರಿಯ ನಾಲ್ವರಿಗೂ ದಿನಾ ಚಹಾ ಮಾಡುತ್ತಿದ್ದವಳು ಅವಳೇ, ಅಷ್ಟಕ್ಕೇ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ.

ಹಿಡಿದುಕೊಂಡು ಹೋಗಿದ್ದು ಕಾರ್ಡಿನಿಂದ.

ಈ ಕಚೇರಿಯಲ್ಲಿ ದೊಡ್ಡವರು ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು. ಪ್ರತಿ ಇಂಗ್ಲಿಷ್ ಪದಕ್ಕೂ ಕಾರ್ಡಿನ ಮೇಲೆ ಕನ್ನಡದ ಅರ್ಥ ಬರೆದು, ಅದರ ಕೆಳಗೆ ಒಂದು ವಾಕ್ಯ ಕೊಡಬೇಕು. ಆ ವಾಕ್ಯವನ್ನು ಮಾತ್ರ ಕೂತು ಹೆಣೆಯುವಂತಿಲ್ಲ. ಯಾರೋ ನಿಜವಾಗಿ ಆಡಿದ ಮಾತಾಗಿರಬೇಕು. ಆಡಿದವರು ಯಾರು, ಎಲ್ಲಿ, ಯಾವ ತಾರೀಖು ಎಂಬುದನ್ನು ಕಾರ್ಡಿನ ಹಿಂದೆ ಬರೆಯಬೇಕು. ದೊಡ್ಡವರು ಮದುವೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಜೇಬಿನಲ್ಲಿ ಖಾಲಿ ಕಾರ್ಡು ಇಟ್ಟುಕೊಂಡೇ ತಿರುಗುತ್ತಿದ್ದರಂತೆ. ಹೆಂಡತಿ ಅತ್ತರೆ ಕಣ್ಣೊರೆಸುವುದಕ್ಕೆ ಮುಂಚೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ ಮನುಷ್ಯ. ಸುಳ್ಳು ವಾಕ್ಯ ಬರೆದರೆಂದು ಅವರ ಶತ್ರುವೂ ಹೇಳುತ್ತಿರಲಿಲ್ಲ.

ಅಂಥವರ ಡ್ರಾಯರಿನಲ್ಲಿ, ಅವರು ಸತ್ತ ಐದನೆಯ ದಿನ, 'ವಾಂಟ್' ಎಂಬ ಪದದ ಕಂತೆಯಲ್ಲಿ ಟೈಪಿಸ್ಟಮ್ಮನ ಕೈಗೆ ಆ ಕಾರ್ಡು ಸಿಕ್ಕಿತು. ಅರ್ಥ: ಬೇಕೆನ್ನು. ವಾಕ್ಯ: 'ಈ ಮುದುಕ ಸಾಯಬೇಕು, ನನಗೆ ಬೇಕಾಗಿರೋದು ಅಷ್ಟೇ.' ಹಿಂದುಗಡೆ, ಆಡಿದವರು: ಸಹಾಯಕ ಸಂಪಾದಕಿ. ಜಾಗ: ಮೆಟ್ಟಿಲು. ತಾರೀಖು: ಸಾಯುವುದಕ್ಕೆ ಮುಂಚಿನ ದಿನ, ಗುರುವಾರ.

ಸತ್ತವನೇ ಬಂದು ಸಾಕ್ಷಿ ಹೇಳಿದಂತಾಯಿತು. ಪೊಲೀಸರಿಗೆ ಇನ್ನೇನು ಬೇಕು.

ಇನ್‌ಸ್ಪೆಕ್ಟರಮ್ಮನ ಕಷ್ಟ ಬೇರೆಯೇ ಇತ್ತು. ಆ ಮಾತು ನಿಜವೆಂದು ಇಡೀ ಊರಿನಲ್ಲಿ ಖಚಿತವಾಗಿ ಗೊತ್ತಿದ್ದವರು ಅವರೊಬ್ಬರೇ. ಗುರುವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಿದ್ದಾಗ ಪುಟ್ಟಿ ಫೋನ್ ಮಾಡಿದ್ದಳು. ಆರು ವರ್ಷ ಹಗಲಿರುಳು ದುಡಿಸಿಕೊಂಡು ನಿಘಂಟಿನ ಮುಖಪುಟದಿಂದ ದೊಡ್ಡವರು ತನ್ನ ಹೆಸರು ತೆಗೆದುಹಾಕಿದ್ದಾರೆ ಎಂದು ಅತ್ತಳು, ಬೈದಳು, ಕೊನೆಗೆ ಇದೇ ಮಾತು ಆಡಿದಳು. ಸಿಟ್ಟಿನಲ್ಲಿ ಯಾರು ಏನು ಅನ್ನುವುದಿಲ್ಲ ಎಂದು ಇವರು ಬಟ್ಟೆ ಮಡಚುವುದನ್ನೂ ನಿಲ್ಲಿಸಿರಲಿಲ್ಲ. ತಾಯಿ ಸತ್ತಾಗ ಐದು ವರ್ಷದ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ತಂದು ಸಾಕಿದವರು. ಅವಳ ಸಿಟ್ಟಿನ ಉದ್ದಗಲ ತನಗಿಂತ ಬೇರೆ ಯಾರಿಗೆ ಗೊತ್ತು ಅಂದುಕೊಂಡಿದ್ದರು. ಪೊಲೀಸರು ಕೇಳಿದಾಗ, ಹುಡುಗಿ ಅಂಥ ಮಾತು ಆಡುವವಳೇ ಅಲ್ಲ ಎಂದು ಎದೆ ತಟ್ಟಿ ಹೇಳಿದ್ದರು. ಮೂವತ್ತೊಂದು ವರ್ಷ ಬೇರೆಯವರ ಸುಳ್ಳು ಹಿಡಿದ ಬಾಯಿಗೆ ತನ್ನ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಹೇಸಿಗೆಯಾಗಿತ್ತು.

ಆದರೂ ಕಾರ್ಡು ದೊಡ್ಡವರು ಬರೆದದ್ದಲ್ಲ. ಅದು ಈಗ ಅವರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ದಾರಿ ತೋರಿಸಿದವರು ಟೈಪಿಸ್ಟಮ್ಮ. ನಿನ್ನೆ ಸಂಜೆ ಮನೆಗೆ ಹೊರಟವರು ಬಾಗಿಲಲ್ಲಿ ನಿಂತು, ಈ ಬೇಡಿಕೆಯ ಪದಗಳಿಂದಾಗಿ ಕಚೇರಿಯೇ ಹಾಳಾಯಿತು ನೋಡಿ ಎಂದು ಗೊಣಗಿದ್ದರು. ಕೆದಕಿದಾಗ ಕಥೆ ಬಿಚ್ಚಿಕೊಂಡಿತು. ಏನನ್ನಾದರೂ ಬೇಕೆನ್ನುವುದಕ್ಕೆ ಇಂಗ್ಲಿಷಿನವರ ಹತ್ತಿರ ಒಂದು ಗಾಡಿ ಪದಗಳಿವೆಯಂತೆ. ವಿಷ್ ಅಂದರೆ ಕೈಗೆಟುಕದ್ದನ್ನು ಕೂತಲ್ಲೇ ಕೂತು ಆಶಿಸುವುದು. ಯರ್ನ್ ಅಂದರೆ ಕಳೆದುಹೋದದ್ದಕ್ಕೋ ದೂರದಲ್ಲಿರುವುದಕ್ಕೋ ಜೀವ ಹಾತೊರೆಯುವುದು. ಕ್ರೇವ್ ಅಂದರೆ ಮನಸ್ಸು ಬೇಡವೆಂದರೂ ಮೈ ಕೇಳುವುದು. ಕವೆಟ್ ಅಂದರೆ ಇನ್ನೊಬ್ಬರ ಕೈಯಲ್ಲಿರುವುದೇ ಬೇಕು, ಅಂಗಡಿಯಲ್ಲಿ ಅಂಥದ್ದೇ ಹತ್ತು ಸಿಕ್ಕರೂ ಅದು ಬೇಡ. ಇವುಗಳಲ್ಲೆಲ್ಲ ತಕರಾರಿರಲಿಲ್ಲ. ಜಗಳ ಬಂದದ್ದು ಎಲ್ಲಕ್ಕಿಂತ ಸಣ್ಣ ಪದಕ್ಕೆ. ವಾಂಟ್ ಅಂದರೆ 'ಬಯಸು' ಎಂದು ದೊಡ್ಡವರು. ಅಲ್ಲ, ಬಯಸುವುದು ಡಿಸೈರ್, ಅದರಲ್ಲಿ ನಿಂತು ನೋಡಿ ಆನಂದಪಡುವ ಪುರುಸೊತ್ತಿದೆ, ವಾಂಟ್‌ನಲ್ಲಿ ಕೊರತೆಯಿದೆ, ಚಾಚಿದ ಕೈಯಿದೆ, ಅದು 'ಬೇಕೆನ್ನು' ಎಂದು ಉಪಸಂಪಾದಕರು. ಆರು ವಾರ ಇದೇ ರಾದ್ಧಾಂತ. ಸಾಯುವುದಕ್ಕೆ ಎರಡು ದಿನ ಮುಂಚೆ, ಬುಧವಾರದ ಸಭೆಯಲ್ಲಿ, ತಾನು ಈ ಕುರ್ಚಿಯಲ್ಲಿರುವ ತನಕ ಬೇರೆ ಅರ್ಥ ಬರೆಯುವುದಿಲ್ಲ ಎಂದು ದೊಡ್ಡವರು ಹೇಳಿ, ಅದನ್ನು ಸಭೆಯ ಪುಸ್ತಕದಲ್ಲಿ ಬರೆಸಿ ಸಹಿಯನ್ನೂ ಹಾಕಿದ್ದರು.

ಮರುದಿನ ಗುರುವಾರ ಅದೇ ಮನುಷ್ಯ ತನ್ನ ಕೈಯಾರೆ 'ಬೇಕೆನ್ನು' ಎಂದು ಬರೆದರೆ?

ಬರೆದದ್ದು ಬೇರೆ ಕೈ. ಇನ್‌ಸ್ಪೆಕ್ಟರಮ್ಮ ನಿನ್ನೆಯೇ ಸಭೆಯ ಪುಸ್ತಕವನ್ನೂ ಐವತ್ತೊಂದು ಕಾರ್ಡುಗಳ ಚಿತ್ರಗಳನ್ನೂ ವಕೀಲರಿಗೆ ಮುಟ್ಟಿಸಿದ್ದರು. ಈ ಹೊತ್ತಿಗೆ ಅವರು ನ್ಯಾಯಾಧೀಶರ ಮುಂದೆ ನಿಂತಿರಬೇಕು. ಇವತ್ತು ಮತ್ತೊಮ್ಮೆ ಎಣಿಸಿದ್ದು ಹಳೆಯ ಪೊಲೀಸ್ ಚಾಳಿ, ಅಷ್ಟೇ.

ಈಗ ಉಳಿದಿದ್ದು ಆ ಕೈಯನ್ನು ಹಿಡಿಯುವುದು. ಅವರು ಎದ್ದು ಸೊಂಟ ನೀವಿಕೊಂಡು ದೊಡ್ಡವರ ಕೋಣೆಗೆ ಹೋದರು.

ಉಪಸಂಪಾದಕರು ಒಳಗೆ ತಮ್ಮ ಹಳೆಯ ಸಣ್ಣ ಮೇಜಿನಲ್ಲೇ ಕೂತಿದ್ದರು. ದೊಡ್ಡವರ ಕುರ್ಚಿಯಲ್ಲಿ ಇನ್ನೂ ಕೂತಿರಲಿಲ್ಲ. ಆದರೆ ತಮ್ಮ ಬೂದುಬಣ್ಣದ ಸ್ವೆಟರನ್ನು ಅದರ ಬೆನ್ನಿಗೆ ತೂಗುಹಾಕಿದ್ದರು. ಇಪ್ಪತ್ತಾರು ವರ್ಷ ಎರಡನೆಯವರಾಗಿ ಕೂತ ಸಪ್ಪೆ ಮುಖದ, ಮೆತ್ತಗಿನ ದನಿಯ ಮನುಷ್ಯ. ಇರುವೆ ಕಂಡರೂ ದಾಟಿ ನಡೆಯುವವರೆಂದು ಟೈಪಿಸ್ಟಮ್ಮ ಹೇಳಿದ್ದರು. ಅಂಥವರ ಮೇಲೆ ಇನ್‌ಸ್ಪೆಕ್ಟರಮ್ಮನಿಗೆ ಕೆಲಸದಲ್ಲಿದ್ದಾಗಿನಿಂದಲೂ ಗುಮಾನಿ ಜಾಸ್ತಿ.

ಅವರು ಎದುರಿಗೆ ಕೂತು, ಪೀಠಿಕೆಯಿಲ್ಲದೆ ಕೇಳಿದರು. "ವಾಂಟ್ ಅಂದ್ರೆ ಏನು ಸರ್?"

"ಬೇಕೆನ್ನು." ಉತ್ತರ ತಾನಾಗಿ ಬಂತು.

ಇನ್‌ಸ್ಪೆಕ್ಟರಮ್ಮ ಕಾರ್ಡಿನ ನಕಲನ್ನು ಮೇಜಿನ ಮೇಲಿಟ್ಟರು. ಉಪಸಂಪಾದಕರು ನಕಲನ್ನು ನೋಡಿದರು, ಇವರ ಮುಖ ನೋಡಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಬಯಸು ಅಂತ ಬರೆಯೋಕೇ ಪೆನ್ನು ಹಿಡಿದೆ ಮೇಡಂ," ಅಂದರು. "ದೊಡ್ಡವರ ಅಕ್ಷರ ಬಂತು, ಅವರ ಹಾಗೆ ಓರೆಯಾಗಿ ಗೆರೆ ಎಳೆಯೋದೂ ಬಂತು. ತಪ್ಪು ಅರ್ಥ ಬರೆಯೋಕೆ ಮಾತ್ರ ಕೈ ಬರಲಿಲ್ಲ."

"ಸುಳ್ಳು ಸಾಕ್ಷಿ ಬರೆಯೋಕೆ ಕೈ ಬಂತಲ್ಲ."

"ಸುಳ್ಳಲ್ಲ ಅದು. ಮಾತು ನಿಜ. ಆಡಿದ್ದು ಯಾರ ಹತ್ತಿರ ಅಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ಚಿಕ್ಕಮ್ಮ ಅಂತ ಕರೆದಿದ್ದು ಕೇಳಿಸ್ತು."

ಇನ್‌ಸ್ಪೆಕ್ಟರಮ್ಮ ಆ ಮಾತನ್ನು ಅಲ್ಲಿಗೇ ತಡೆದರು. ಕೇಳಿದ್ದನ್ನು ತಾವೇ ಹೋಗಿ ಪೊಲೀಸರಿಗೆ ಹೇಳಬಹುದಿತ್ತಲ್ಲ, ಸತ್ತವರ ಕೈಯಿಂದ ಹೇಳಿಸುವ ಹೇಡಿತನ ಯಾಕೆ ಎಂದು ಕೇಳಿದರು. ಉಪಸಂಪಾದಕರು ಕುರ್ಚಿಯ ಮೇಲಿನ ಸ್ವೆಟರಿನತ್ತ ಕಣ್ಣು ಹಾಯಿಸಿದರು. ದೊಡ್ಡವರ ನಂತರ ಆ ಜಾಗಕ್ಕೆ ಇದ್ದವರು ಇಬ್ಬರೇ, ತಾವು ಮತ್ತು ಪುಟ್ಟಿ. ತಾವು ಬಾಯಿ ಬಿಟ್ಟರೆ ಕುರ್ಚಿಗಾಗಿ ಹೇಳಿದ ಅನ್ನುತ್ತಾರೆ. ಸತ್ತವರಿಗೆ ಕುರ್ಚಿಯ ಹಂಗಿಲ್ಲ. ಇದನ್ನೆಲ್ಲ ಅವರು ಪದದ ಅರ್ಥ ವಿವರಿಸುವಷ್ಟೇ ಸಮಾಧಾನದಿಂದ ಹೇಳಿದರು. ಅವರ ಕೆನ್ನೆಗೆ ಬಾರಿಸಬೇಕೆನ್ನಿಸುವಷ್ಟು ಸಮಾಧಾನ.

"ಸಿಟ್ಟಲ್ಲಿ ಆಡಿದ ಮಾತು," ಇನ್‌ಸ್ಪೆಕ್ಟರಮ್ಮ ಹೇಳಿದರು. "ನಿಮ್ಮ ಲೆಕ್ಕದಲ್ಲೇ ಅದು ವಿಷ್. ಕೂತಲ್ಲೇ ಆಶಿಸಿದ್ದು. ವಾಂಟ್ ಕೆಳಗೆ ಹಾಕಿ ಹುಡುಗಿಯ ಕುತ್ತಿಗೆಗೆ ಹಗ್ಗ ಬಿಗಿದ್ರಿ."

"ಮೊದಲು ವಿಷ್ ಕೆಳಗೇ ಹಾಕೋಣ ಅಂತಿದ್ದೆ. ಹಾಕಿದ್ದಿದ್ರೆ ಪೊಲೀಸರು ತಿರುಗಿಯೂ ನೋಡ್ತಿರಲಿಲ್ಲ."

"ಮತ್ತೆ?"

"ನಿಮ್ಮ ಫೋನ್ ಇಟ್ಟ ಮೇಲೆ ಅವಳು ಇನ್ನೊಂದು ಫೋನ್ ಮಾಡಿದ್ಲು."

ಪಕ್ಕದ ಕೋಣೆಯಲ್ಲಿ ಟೈಪಿಸ್ಟಮ್ಮ ಟಕಟಕ ಕುಟ್ಟುತ್ತಿದ್ದರು. ಇನ್‌ಸ್ಪೆಕ್ಟರಮ್ಮ ಆ ಸದ್ದು ನಿಲ್ಲಲಿ ಎಂದು ಕಾದರು. ಅದು ನಿಲ್ಲಲಿಲ್ಲ.

ಉಪಸಂಪಾದಕರು ಮೇಜಿನ ಖಾನೆಗೆ ಬೀಗದ ಕೈ ಹಾಕಿ, ತಿರುಗಿಸದೆ ಹಾಗೇ ಹಿಡಿದುಕೊಂಡರು. ಇಲ್ಲಿಯೇ ಒಂದು ತೀರ್ಮಾನಕ್ಕೆ ಬರೋಣ ಅಂದರು. ಕಾರ್ಡಿನ ಅಕ್ಷರ ದೊಡ್ಡವರದಲ್ಲವೆಂದು ತಾವೇ ಹೋಗಿ ಹೇಳುತ್ತಾರೆ, ಯಾರು ಬರೆದರೋ ತಿಳಿಯದು ಎನ್ನುತ್ತಾರೆ. ಹುಡುಗಿ ಬಿಡುಗಡೆಯಾಗುತ್ತಾಳೆ. ಅದಕ್ಕೆ ಪ್ರತಿಯಾಗಿ ಅವಳು ಕಚೇರಿಯ ಕಡೆ ತಲೆ ಹಾಕಿ ಮಲಗಬಾರದು. ಆಮೇಲೆ ಖಾನೆಯಲ್ಲಿರುವುದನ್ನು ಇಬ್ಬರೂ ಕೂಡಿ ಸುಟ್ಟುಹಾಕಿದರಾಯಿತು.

ಇನ್‌ಸ್ಪೆಕ್ಟರಮ್ಮನಿಗೆ ನಗು ಬಂತು. ಚೌಕಾಶಿಗೆ ಹೊತ್ತು ಮೀರಿತ್ತು. ಸಭೆಯ ಪುಸ್ತಕ ಬೆಳಿಗ್ಗೆ ಹನ್ನೊಂದಕ್ಕೇ ಕೋರ್ಟಿಗೆ ಹೋಗಿದೆ, ನಿಮ್ಮ ಹೆಸರೂ ಅದರ ಜೊತೆಗೇ ಹೋಗಿದೆ ಎಂದು ಅವರು ಒಂದೊಂದೇ ಮಾತನ್ನು ಎಣಿಸಿ ಇಟ್ಟ ಹಾಗೆ ಹೇಳಿದರು. ಹೇಳುವಾಗ ಬಾಯಿಗೆ ಸಿಹಿ ಹತ್ತಿತ್ತು.

ಉಪಸಂಪಾದಕರು ಗೋಡೆಯ ಗಡಿಯಾರ ನೋಡಿದರು. ಒಂದಕ್ಕೆ ಇಪ್ಪತ್ತು ನಿಮಿಷವಿತ್ತು. ಅವರು ಸಿಟ್ಟಾಗಲಿಲ್ಲ. ಇಪ್ಪತ್ತಾರು ವರ್ಷ ಕಾದದ್ದು ಕೈತಪ್ಪಿದ ಮನುಷ್ಯ ಹೇಗೆ ಕಾಣಬೇಕೋ ಹಾಗೆ, ಒಮ್ಮೆಗೇ ಮುದುಕರಾಗಿ ಕಂಡರು.

"ಒಂದು ಮಾತು ಕೇಳ್ತೀನಿ ಮೇಡಂ. ಅವಳು ತಪ್ಪು ಮಾಡಿಲ್ಲ ಅನ್ನೋದು ನಿಮಗೆ ಬೇಕಿತ್ತಾ, ಅವಳು ಮನೆಗೆ ಬರೋದು ಬೇಕಿತ್ತಾ?"

"ಎರಡೂ ಒಂದೇ."

"ನಾನು ಈ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡಿದ್ದೇ ಇದಕ್ಕೆ. ಯಾವ ಎರಡೂ ಒಂದೇ ಅಲ್ಲ."

ಅವರು ಖಾನೆ ತೆರೆದು ಒಂದು ಕಾರ್ಡು ತೆಗೆದು ಮುಂದಕ್ಕೆ ಜರುಗಿಸಿದರು. ಇದು ನಕಲಿ ಅಕ್ಷರವಲ್ಲ, ಉಪಸಂಪಾದಕರದೇ ಗುಂಡಗಿನ ಬರಹ, ಕೆಳಗೆ ಅವರದೇ ಸಹಿ. ಕಾರ್ಡಿನ ತಲೆಯಲ್ಲಿ ಪದವಿರಬೇಕಾದ ಜಾಗ ಖಾಲಿಯಿತ್ತು. ಯಾವ ಪದದ ಕೆಳಗೆ ಹಾಕಬೇಕೆಂದು ತಮಗೆ ಇವತ್ತಿಗೂ ಗೊತ್ತಾಗಿಲ್ಲ ಅಂದರು. ಹುಡುಗಿ ಹೇಗೋ ಹೊರಗೆ ಬಂದು ಕುರ್ಚಿ ಕೇಳಿದರೆ ಇರಲಿ ಎಂದು ಇಟ್ಟುಕೊಂಡಿದ್ದರಂತೆ. ಇನ್ನು ಅವರಿಗೆ ಅದರಿಂದ ಉಪಯೋಗವಿಲ್ಲ.

ಇನ್‌ಸ್ಪೆಕ್ಟರಮ್ಮ ಓದಿದರು.

'ಚಿಕ್ಕಮ್ಮನ ಡಬ್ಬಿಯಲ್ಲಿ ಎಷ್ಟು ಮಾತ್ರೆ ಇದೆ ಅಂತ ಚಿಕ್ಕಮ್ಮಂಗೇ ಗೊತ್ತಿಲ್ಲ. ದಿನಾ ತೆಗೆದು ಕೊಡೋಳು ನಾನೇ ಅಲ್ವಾ.'

ಹಿಂದುಗಡೆ ಅದೇ ಗುರುವಾರ, ಅದೇ ಮೆಟ್ಟಿಲು, ಅದೇ ಸಹಾಯಕ ಸಂಪಾದಕಿ.

ಒಂದು ಸಲ ಸುಳ್ಳು ಬರೆದ ಕೈ ಇನ್ನೊಂದು ಸಲ ಬರೆಯುವುದಿಲ್ಲವೆಂದು ಏನು ಗ್ಯಾರಂಟಿ ಎಂದು ಅವರು ಕೇಳಿದರು. ಕೇಳಿದ ದನಿ ಅವರಿಗೇ ಪರಕೀಯವಾಗಿತ್ತು. ನಂಬಬೇಡಿ ಎಂದು ಉಪಸಂಪಾದಕರು ಹೇಳಿದರು. ಮನೆಗೆ ಹೋಗಿ ನೋಡಿ. ಆ ಕಡೆ ಫೋನಿನಲ್ಲಿ ಇದ್ದವರು ಯಾರೋ ತಮಗೆ ತಿಳಿಯದು, ಅವಳು ಹೆಸರು ಹಿಡಿಯಲಿಲ್ಲ.

ಆದರೆ ಇನ್‌ಸ್ಪೆಕ್ಟರಮ್ಮ ನಂಬದೇ ಇರುವ ಹಾಗಿರಲಿಲ್ಲ. ಅವರು ಅದೇ ಬಡಿತ ಇಳಿಸುವ ಮಾತ್ರೆ ನುಂಗುತ್ತಾರೆಂಬುದೇ ಹೊರಗಿನ ಒಂದು ಪಿಳ್ಳೆಗೂ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಎದೆ ಬಲ ಕಡಿಮೆಯಂತೆ ಎಂದು ಜನ ಆಡಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಅದನ್ನು ಪುಟ್ಟಿ ತೆಗೆದು ಕೊಡುತ್ತಾಳೆಂಬುದು ಆ ಮನೆಯ ನಾಲ್ಕು ಗೋಡೆಗೆ ಮಾತ್ರ ಗೊತ್ತಿದ್ದ ಸಂಗತಿ.

ಬೀದಿಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಈ ಎರಡು ವಾರದಲ್ಲಿ ಆ ಹಾಳು ಮಾತ್ರೆಯನ್ನು ಅವರು ಎಲ್ಲೆಲ್ಲಿ ಹುಡುಕಿದ್ದರು! ದೊಡ್ಡವರ ಹೆಂಡತಿಯ ಹಾಸಿಗೆಯ ಪಕ್ಕದ ಕಪಾಟು, ಟೈಪಿಸ್ಟಮ್ಮನ ಕೈಚೀಲ, ಉಪಸಂಪಾದಕರ ಕೋಟಿನ ಜೇಬು, ಮೂರು ಬೀದಿಯ ಔಷಧದಂಗಡಿಗಳ ಬಿಲ್ಲು. ತನ್ನ ಅಡುಗೆಮನೆಯ ಕಪಾಟಿನ ಮುಂದೆ ದಿನಕ್ಕೆ ಹತ್ತು ಸಲ ನಿಂತಿದ್ದರು, ಒಂದು ಸಲವೂ ನೋಡಿರಲಿಲ್ಲ. ಗೊತ್ತಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಹೋದರು. ಅದೂ ಸುಳ್ಳು. ಗೊತ್ತಾಗುವುದು ಬೇಡವಾಗಿತ್ತು.

ಫೋನ್ ಬಡಿದುಕೊಂಡಿತು. ವಕೀಲರು. ಖುಷಿಯಲ್ಲಿ ಅವರ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಸಭೆಯ ಪುಸ್ತಕ ನೋಡಿ ನ್ಯಾಯಾಧೀಶರು ಪೊಲೀಸರ ನೀರಿಳಿಸಿದರಂತೆ. ಕಾರ್ಡಿನ ಸಾಕ್ಷಿ ಬಿದ್ದುಹೋಯಿತು, ಜಾಮೀನು ಸಿಕ್ಕಿತು, ಒಂದೆರಡು ಗಂಟೆಯಲ್ಲಿ ಹುಡುಗಿ ಮನೆ ಸೇರುತ್ತಾಳೆ. ಎಲ್ಲ ನಿಮ್ಮಿಂದಲೇ ಅಮ್ಮ ಅಂದರು. ಇನ್‌ಸ್ಪೆಕ್ಟರಮ್ಮ ಸಂತೋಷ ಎಂದಷ್ಟೇ ಹೇಳಿ ಫೋನ್ ಇಟ್ಟರು. ಒಂಬತ್ತು ದಿನ ಹಗಲೂ ಇರುಳೂ ಬೇಕು ಬೇಕು ಎಂದು ಬಡಿದುಕೊಂಡದ್ದು ಕೈಗೆ ಬಂದಿತ್ತು. ಅದರಷ್ಟು ಕಹಿಯಾದದ್ದನ್ನು ಅವರು ಜನ್ಮದಲ್ಲಿ ಕೈಯಲ್ಲಿ ಹಿಡಿದಿರಲಿಲ್ಲ.

ಎರಡು ಬಸ್ಸು ಬದಲಿಸಿ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನಡೆದರು. ಡಬ್ಬಿ ಅದರ ಜಾಗದಲ್ಲೇ ಇತ್ತು. ಪುಟ್ಟಿ ಇಲ್ಲದ ಒಂಬತ್ತು ದಿನವೂ ಅವರೇ ಕೈ ಹಾಕಿ ಒಂದೊಂದು ತೆಗೆದು ನುಂಗಿದ್ದರು, ತಳ ನೋಡಿರಲಿಲ್ಲ. ಮುಚ್ಚಳದ ಮೇಲೆ ಪುಟ್ಟಿಯ ಅಕ್ಷರದಲ್ಲಿ ಡಬ್ಬಿ ತುಂಬಿಸಿದ ತಾರೀಖು ಇತ್ತು. ತೊಂಬತ್ತು ಮಾತ್ರೆ, ದಿನಕ್ಕೊಂದು. ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ಇವತ್ತಿಗೆ ಐವತ್ತೆಂಟು ಉಳಿದಿರಬೇಕು.

ಅವರು ಡಬ್ಬಿಯನ್ನು ಮೇಜಿನ ಮೇಲೆ ಮಗುಚಿದರು. ಬಿಳಿ ಮಾತ್ರೆಗಳನ್ನು ಬೆರಳ ತುದಿಯಿಂದ ಎರಡೆರಡಾಗಿ ಸರಿಸುತ್ತ ಹೋದರು. ಹದಿನಾಲ್ಕಾದಾಗ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಇಪ್ಪತ್ತೆರಡಕ್ಕೆ ಬಂದಿದ್ದರು, ಉಳಿದ ರಾಶಿ ಬಹಳ ಸಣ್ಣದಾಗಿತ್ತು. ಬಾಗಿಲಿಗೆ ಬೀಗದ ಕೈ ಬಿದ್ದ ಸದ್ದಾಯಿತು.

ಪುಟ್ಟಿ ಸೊರಗಿದ್ದಳು. ಕಣ್ಣ ಕೆಳಗೆ ಕಪ್ಪು, ಒಂಬತ್ತು ದಿನದ ಕೊಳೆಯ ಬಟ್ಟೆ. ಒಳಗೆ ಬಂದವಳೇ ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತಳು. ಇನ್‌ಸ್ಪೆಕ್ಟರಮ್ಮನ ಕೈ ತನ್ನಷ್ಟಕ್ಕೆ ಅವಳ ಬೆನ್ನು ಸವರಿತು. ಬೆನ್ನಿನ ಮೂಳೆ ಬೆರಳಿಗೆ ಸಿಗುತ್ತಿತ್ತು, ಅವರಿಗೂ ಅಳು ಬಂತು. ಸಾಕಿದ ಕೈಗೆ ಅನುಮಾನಪಡುವುದು ಅಷ್ಟು ಬೇಗ ಬರುವುದಿಲ್ಲ.

ಆಮೇಲೆ ಹುಡುಗಿ ಮುಖ ಒರೆಸಿಕೊಂಡಳು. ಮೇಜಿನ ಮೇಲಿನ ಮಾತ್ರೆಗಳನ್ನು ನೋಡಿದಳು. ಅಂಗೈಯಿಂದ ಅವನ್ನೆಲ್ಲ ಡಬ್ಬಿಗೆ ಬಳಿದು, ಒಂದನ್ನು ಮಾತ್ರ ಹೊರಗಿಟ್ಟುಕೊಂಡು, ಲೋಟಕ್ಕೆ ನೀರು ಬಗ್ಗಿಸಿದಳು.

"ಆವತ್ತು ನನ್ನ ಜೊತೆ ಮಾತಾಡಿದ ಮೇಲೆ ಇನ್ನೊಂದು ಫೋನ್ ಮಾಡಿದ್ಯಂತೆ ಪುಟ್ಟಿ," ಇನ್‌ಸ್ಪೆಕ್ಟರಮ್ಮ ಕೇಳಿದರು. "ಯಾರಿಗೆ?"

ನೀರು ಲೋಟದ ಅಂಚಿಗೆ ಬಂದು ನಿಂತಿತು. ಅವಳು ತಿರುಗಿ, ಒಂದು ಹನಿಯೂ ಚೆಲ್ಲದ ಹಾಗೆ ನಡೆದುಬಂದು, ಚಿಕ್ಕಮ್ಮನ ಅಂಗೈ ಬಿಡಿಸಿ ಮಾತ್ರೆಯನ್ನು ಇಟ್ಟಳು.

"ಹೇಳ್ತೀನಿ ಚಿಕ್ಕಮ್ಮ," ಅಂದಳು. "ಮೊದಲು ಇದನ್ನ ನುಂಗಿ."